ಚರಂಡಿ ಎಂದು ಓದಿದ್ದು ನಾನೇ

ಆಗಿನ್ನೂ ನಮ್ಮ ಹಾನಗಲ್ಲಿಗೆ ಮೊಬೈಲು ಬಂದಿರಲಿಲ್ಲ. ಟಿವಿಯಲ್ಲಿ ಮುಖ ತೋರಿಸಬೇಕೆಂದರೆ ಒಂದೋ ಮಂತ್ರಿಯಾಗಬೇಕಿತ್ತು, ಇಲ್ಲವೇ ಕೇಬಲ್ ಬಸಣ್ಣನ ಕಣ್ಣಿಗೆ ಬೀಳಬೇಕಿತ್ತು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ಅವನ ಕೋಣೆ. ಅಲ್ಲಿಂದಲೇ ಊರಿಗೆಲ್ಲ ಕೇಬಲ್ಲು ಹೋಗುತ್ತಿತ್ತು. ಎಲ್ಲ ಚಾನೆಲ್ಲುಗಳು ಮುಗಿದ ಮೇಲೆ ಕೊನೆಗೆ ಅವನದೇ ಒಂದು ಚಾನೆಲ್ಲು. ಅದರಲ್ಲಿ ಯಾರದೋ ಮದುವೆಯ ಕ್ಯಾಸೆಟ್ಟು, ಸೀರೆ ಅಂಗಡಿಯ ಜಾಹೀರಾತು, ತೀರಿಕೊಂಡವರ ಫೋಟೊ, ತಪ್ಪಿಸಿಕೊಂಡ ಎಮ್ಮೆಯ ಸುದ್ದಿ. ನನ್ನ ವಯಸ್ಸಿನವರಿಗೆ ತಮ್ಮ ತಮ್ಮ ಊರಿನ ಅಂಥದೊಂದು ಚಾನೆಲ್ಲು ನೆನಪಿರಬೇಕು. ನೆನೆಸಿಕೊಂಡು ನಗುವವರು ನಗಲಿ. ನನಗೆ ಆ ಬೇಸಿಗೆ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ನಲವತ್ತು ದಾಟಿದೆ, ಸಿಟ್ಟು ಇನ್ನೂ ಇಳಿದಿಲ್ಲ.

ಸಿಟ್ಟು ಯಾಕೆಂದು ಹೇಳಬೇಕಾದರೆ ಚಿಗವ್ವನ ಸುದ್ದಿ ಹೇಳಬೇಕು. ಚಿಗವ್ವ ಅಂದರೆ ನಮ್ಮವ್ವನ ತಂಗಿ, ಗಿರಿಜವ್ವ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ಬಾಣಂತನ ಮಾಡುವುದು ಅವಳ ಕಸುಬು. ಕೂಸಿಗೆ ಎಣ್ಣೆ ತಿಕ್ಕಿ, ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ಎರೆದು, ಲೋಬಾನದ ಹೊಗೆ ಹಾಕಿ, ಬಿಗಿಯಾಗಿ ಸುತ್ತಿ ತೊಟ್ಟಿಲಿಗೆ ಹಾಕಿದಳೆಂದರೆ ಎರಡು ತಾಸು ಕೂಸಿನ ಸದ್ದಿಲ್ಲ. ಬಾಣಂತಿಗೆ ಅಂಟಿನುಂಡೆ ಕಟ್ಟುವುದರಲ್ಲಿಯೂ ಅವಳದು ಎತ್ತಿದ ಕೈ. ಆದರೆ ಎಲ್ಲಕ್ಕಿಂತ ದೊಡ್ಡ ಹೆಸರು ಅವಳ ಸ್ವಚ್ಛತೆಗೆ. ಕೂಸಿಗೆ ಎರೆಯುವ ನೀರನ್ನು ಎರಡು ಸಲ ಸೋಸಿ ಕಾಸುತ್ತಿದ್ದಳು. ಉಗುರು ಬೆಳೆಯಲು ಬಿಡುತ್ತಿರಲಿಲ್ಲ. "ಗಿರಿಜವ್ವನ ಕೈ ಅಂದ್ರ ಕಣ್ಣು ಮುಚ್ಚಿ ಕೂಸು ಕೊಡಬೇಕ್ರಿ" ಎಂದು ಶಿಗ್ಗಾಂವಿ, ಸವಣೂರಿನವರು ಹೇಳುತ್ತಿದ್ದರು. ಬಸುರಿಗೆ ಐದು ತಿಂಗಳಾಗುತ್ತಲೇ ಬಂದು ಹೇಳಿಟ್ಟು ಹೋಗುತ್ತಿದ್ದರು.

ನಮ್ಮೂರಿನ ಅಕ್ಕಿ ಗಿರಣಿ ಸಾವುಕಾರರ ಮಗಳು ಮಸ್ಕತ್ತಿನಲ್ಲಿದ್ದಳು. ಅವಳಿಗೆ ಅಲ್ಲೇ ಹೆರಿಗೆಯೆಂದು ಗೊತ್ತಾದಾಗ ಚಿಗವ್ವನನ್ನು ಮೂರು ತಿಂಗಳಿಗೆ ಕರೆಸಿಕೊಂಡರು. ಹುಬ್ಬಳ್ಳಿಯ ಆಚೆ ಕಾಲಿಡದವಳು ವಿಮಾನ ಹತ್ತಿದಳು. ತಿರುಗಿ ಬರುವಾಗ ಅಂಟಂಟು ಖರ್ಜೂರದ ಡಬ್ಬಿ ತಂದಳು, ಒಂದು ಚೀಲ ಲೋಬಾನ ತಂದಳು. "ಇಷ್ಟ ವರ್ಷ ಸಂತ್ಯಾಗ ಕೊಂಡು ಕೂಸಿಗೆ ಹಾಕ್ತಿದ್ನೆಲ್ಲ, ಇದು ಹುಟ್ಟೂದ ಆ ದೇಶದಾಗಂತವಾ!" ಎಂದು ಬಂದವರಿಗೆಲ್ಲ ಚೀಲ ಬಿಚ್ಚಿ ಮೂಸಿಸುತ್ತಿದ್ದಳು. ಆ ಬೇಸಿಗೆಯಿಡೀ ನಮ್ಮ ಮನೆ ಲೋಬಾನ ಮತ್ತು ಮಾವಿನಹಣ್ಣಿನ ವಾಸನೆಯಲ್ಲಿ ತುಂಬಿತ್ತು.

ಅವಳು ತಂದ ಮೂರನೆಯದು ಒಂದು ವಿಡಿಯೊ ಕ್ಯಾಸೆಟ್ಟು. ಸಾವುಕಾರರ ಅಳಿಯ ಅಲ್ಲಿಯ ಬಂದರಿನಲ್ಲಿ ಇಂಜಿನಿಯರು, ಒಳ್ಳೆಯ ಮನುಷ್ಯ. ರಜೆಯ ದಿನ ಎಲ್ಲರನ್ನೂ ತಿರುಗಾಡಲು ಕರೆದೊಯ್ಯುವಾಗ ಅವಳ ಕೈಗೇ ಕ್ಯಾಮೆರಾ ಕೊಟ್ಟು, ಕೆಂಪು ಗುಂಡಿ ತೋರಿಸಿಕೊಟ್ಟಿದ್ದನಂತೆ. ಸಾವುಕಾರರ ಪಡಸಾಲೆಯಲ್ಲಿ ನಾವು ಮೊದಲ ಸಲ ಅದನ್ನು ನೋಡಿದೆವು. ಅರ್ಧಕ್ಕರ್ಧ ನೆಲವೇ ಕಾಣುತ್ತಿತ್ತು, ನಡುನಡುವೆ ಅವಳ ಹೊಸ ಚಪ್ಪಲಿ. ಆದರೆ ಮಾತು! ಕ್ಯಾಮೆರಾ ಹಿಡಿದಷ್ಟೂ ಹೊತ್ತು, ಊರಲ್ಲಿದ್ದ ಅವ್ವ ಎದುರಿಗೇ ಇದ್ದಾಳೇನೋ ಎಂಬಂತೆ ಅವಳ ಜೊತೆ ಮಾತಾಡುತ್ತಲೇ ಇದ್ದಳು. ನಿಜ್ವಾ ಎಂಬ ಊರಿನ ಆಡಿನ ಸಂತೆ. ಅಲ್ಲಿ ಕೊಳ್ಳುವವರು ಸುತ್ತಲೂ ಕುಳಿತಿರುತ್ತಾರೆ, ಮಾರುವವರು ಆಡುಗಳನ್ನು ಹಿಡಿದುಕೊಂಡು ಅವರ ಮುಂದೆ ಸುತ್ತು ಹಾಕುತ್ತಾರೆ. "ಏ ಅಕ್ಕಾ, ಈ ಹೋತಿನ ಹಲ್ಲು ನೋಡಿದ್ರ ಮುದುಕ ಐತಿ, ಕೊಂಬಿಗೆ ಎಣ್ಣಿ ಹಚ್ಚಿ ಹರೇದ್ದು ಮಾಡ್ಯಾರ. ಎಲ್ಲಾ ಕಡೆ ಮಂದಿ ಇಷ್ಟ" ಎಂದು ಅವಳು ಅಂದಾಗ ಪಡಸಾಲೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

ಆಮೇಲೆ ಒಂದು ಹಳ್ಳಿ ಬಂತು. ಮಣ್ಣಿನ ಗೋಡೆಯ ಮನೆಗಳು, ಓಣಿಯ ನಡುವೆ ಮೊಳದಗಲದ ಕಲ್ಲುಗಚ್ಚಿನ ಕಾಲುವೆ, ಅದರಲ್ಲಿ ಕನ್ನಡಿಯಂಥ ನೀರು. ಇಲ್ಲಿ ಕ್ಯಾಮೆರಾ ಅಳಿಯನ ಕೈಗೆ ಹೋಗಿತ್ತು. ಚಿಗವ್ವ ಕಾಲುವೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ಬೊಗಸೆಯಲ್ಲಿ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳುತ್ತಿದ್ದಳು: "ಇದಕ್ಕ ಫಲಜ್ ಅಂತಾರಂತ. ಗುಡ್ಡದ ಹೊಟ್ಟ್ಯಾಗಿಂದ ಬರತೈತಿ. ಮೊದಲ ಕುಡ್ಯಾಕ, ಆಮ್ಯಾಲ ಜಳಕಕ್ಕ, ಕಡೀಕ ಖರ್ಜೂರದ ಗಿಡಕ್ಕ. ಕುಡಿಯೂ ಜಾಗಾದಾಗ ಯಾರೂ ಕಾಲು ಅದ್ದಂಗಿಲ್ಲ. ಮತ್ತ ಇಲ್ಲೂ ಪಾಳಿ ಐತೆವಾ! ನಮ್ಮ ಹೊಲಕ್ಕ ನೀರಿನ ಪಾಳಿ ಇರತಾವಲ್ಲ, ಹಂಗ. ಕೋಲಿನ ನೆರಳು ನೋಡಿ ಬಿಡ್ತಾರ. ಜಗಳ ಇಲ್ಲ, ಕೊಡಲಿ ಇಲ್ಲ." ಅಪ್ಪ ಅದನ್ನು ಎರಡು ಸಲ ಹಿಂದಕ್ಕೆ ತಿರುಗಿಸಿ ನೋಡಿದ. ಅವನಿಗೂ ಅವನ ಅಣ್ಣನಿಗೂ ಹೊಲಕ್ಕೆ ನೀರು ಬಿಡುವ ಪಾಳಿಯ ಜಗಳದ ಮೇಲೇ ಮಾತು ನಿಂತು ಎಷ್ಟೋ ವರ್ಷವಾಗಿತ್ತು.

ಸುದ್ದಿ ಬಸಣ್ಣನ ಕಿವಿಗೆ ಬಿತ್ತು. ಮರುದಿನವೇ ಮನೆಗೆ ಬಂದ. "ಗಿರಿಜಕ್ಕಾ, ನಮ್ಮ ಚಾನೆಲ್ಲಿನ್ಯಾಗ ಹಾಕೋಣ್ರಿ. ಫಾರಿನ್ ಪ್ರೋಗ್ರಾಮು, ನಮ್ಮ ಊರಾಗ ತಯಾರಾದದ್ದು! ಹುಬ್ಬಳ್ಳ್ಯಾಗೂ ಇಂಥಾದ್ದು ಇಲ್ಲ."

ಚಿಗವ್ವನ ಮುಖ ಅರಳಿತು. ಕೇಳಿದ್ದು ಒಂದೇ ಮಾತು. "ಹಾಕಪಾ ತಮ್ಮಾ. ಆದ್ರ ಆ ನೀರಿನ ಸುದ್ದಿ ನಾ ಹೇಳಿದಂಗ ಬರಬೇಕ ನೋಡು. ಊರಾಗ ಪಾಳಿ ಸಲುವಾಗಿ ತಲೀ ಒಡಕೊಳ್ಳೋರು ಕೇಳ್ಲಿ."

"ಅದಕ್ಕೇನ್ರಿ, ಬಂದ ಬರತೈತಿ" ಎಂದು ಕ್ಯಾಸೆಟ್ಟು ತೆಗೆದುಕೊಂಡು ಹೋದ. ಅದೇ ವಾರ ಚಿಗವ್ವ ಒಂದು ಬಾಣಂತನಕ್ಕೆಂದು ಸವಣೂರಿಗೆ ಹೋದಳು.

ಈಗ ನನ್ನ ಸುದ್ದಿ. ಆರನೆಯ ಇಯತ್ತೆ ಮುಗಿಸಿದ್ದೆ. ಭಾಷಣ ಸ್ಪರ್ಧೆಯಲ್ಲಿ ತಾಲೂಕಿಗೇ ಮೊದಲ ಬಹುಮಾನ ಬಂದಿತ್ತು. ಓಣಿಯ ಹುಡುಗಿಯರೆಲ್ಲ ಕುಂಟಾಟ, ಗಜಗದಾಟ ಆಡುತ್ತಿದ್ದರೆ ನಾನು ಸಾಬೂನಿನ ರಟ್ಟಿನ ಡಬ್ಬಿಗೆ ಚೌಕ ಕೊರೆದು, ಅದರೊಳಗೆ ತಲೆ ತೂರಿಸಿ, "ನಮಸ್ಕಾರ, ವಾರ್ತೆಗಳು" ಎಂದು ಓದುತ್ತಿದ್ದೆ. ಬೆಂಗಳೂರಿನ ವಾರ್ತೆಯವರ ಹಾಗೆ ಕೊನೆಯ ಅಕ್ಷರ ಎಳೆಯುವುದನ್ನೂ ಕಲಿತಿದ್ದೆ. ಮನೆಯಲ್ಲಿ 'ಬರಾಕತ್ತೇನಿ' ಎನ್ನುವವಳು ಡಬ್ಬಿಯೊಳಗೆ 'ಬರುತ್ತಿದ್ದೇನೆ' ಆಗುತ್ತಿದ್ದೆ. ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು, ಚಿಗವ್ವ ಎಲ್ಲರಿಗಿಂತ ಜೋರಾಗಿ.

ಬಸಣ್ಣನ ಕೋಣೆಯಲ್ಲಿ ಒಬ್ಬರು ಮಾಸ್ತರರಿದ್ದರು. ನಿವೃತ್ತರು. ಊರಿನ ಯಾವ ಕಾರ್ಯಕ್ರಮವಿದ್ದರೂ ನಿರೂಪಣೆ ಅವರದೇ. ಅವರ ಹೆಸರು ಬರೆಯುವುದಿಲ್ಲ, ಮೊಮ್ಮಕ್ಕಳಿದ್ದಾರೆ. ಅವರು ಹತ್ತು ನಿಮಿಷ ಕ್ಯಾಸೆಟ್ಟು ನೋಡಿ ಮೂಗು ಮುರಿದರಂತೆ. "ಛೇ ಛೇ, ಏನಿದು ಬಸಣ್ಣಾ! ದನಾ ಕಾಯೋರ ಮಾತು. ಟಿವ್ಯಾಗ ಹಿಂಗ ಬಂದ್ರ ಮಂದಿ ನಗತಾರ. ಶುದ್ಧ ಕನ್ನಡದಾಗ ನಾ ಬರದ ಕೊಡ್ತೇನಿ. ಆ ಭಾಷಣದ ಹುಡುಗೀನ್ನ ಕರಸು." ಹೀಗೆ ಹೇಳಿದ ಮಾಸ್ತರರು ತಾವೇ ಯಾವ ಭಾಷೆಯಲ್ಲಿ ಹೇಳಿದರು ನೋಡಿ! ಮನೆಯಲ್ಲಿ ಉಣ್ಣುವ ಮಾತು, ಬೈಯುವ ಮಾತು, ಕೂಸನ್ನು ಮಲಗಿಸುವ ಮಾತು ಇದೇ. ಮೈಕು ಕಂಡ ಕೂಡಲೇ ಅದು ದನ ಕಾಯುವವರದಾಗುತ್ತದೆ. ಮತ್ತು ದನ ಕಾಯುವವರು ಮಾತಾಡಿದರೆ ಇವರಿಗೇನು ತ್ರಾಸು?

ನನಗೆ ಕರೆ ಬಂದಾಗ ನಾನು ಕುಣಿದಾಡಿದೆ. ಇದನ್ನು ಮುಚ್ಚಿಡುವುದಿಲ್ಲ. ಹಬ್ಬದ ಲಂಗ ಉಟ್ಟು, ಮುಖಕ್ಕೆ ಪೌಡರು ಮೆತ್ತಿಕೊಂಡು ಹೋದೆ. ದನಿ ಮಾತ್ರ ಬೇಕು, ಮುಖ ಕಾಣುವುದಿಲ್ಲ ಎಂದು ಗೊತ್ತಿದ್ದರೂ! ಕೋಣೆಯಲ್ಲಿ ಕಾದ ಮಷಿನ್ನುಗಳ ವಾಸನೆ, ಪೇಪರಿನಲ್ಲಿ ಕಟ್ಟಿಸಿದ ಮಿರ್ಚಿಯ ವಾಸನೆ. ರಸ್ತೆಯ ಸದ್ದು ಬರಬಾರದೆಂದು ಕಿಟಕಿಗೆ ಕೌದಿ ಕಟ್ಟಿದ್ದರು. ಬೇಸಿಗೆಯ ಮಧ್ಯಾಹ್ನ, ಫ್ಯಾನೂ ಬಂದ್. ಬೆವರು ಇಳಿದು ಪೌಡರು ಗೆರೆ ಗೆರೆಯಾಗಿತ್ತು. ಕಾರ್ಯಕ್ರಮದ ಶುರುವಿಗೆ ತೋರಿಸಲು ಒಂದು ರಟ್ಟಿನ ಮೇಲೆ ಬಣ್ಣದಲ್ಲಿ 'ಮರಳುಗಾಡಿನಲ್ಲಿ ಮೂರು ತಿಂಗಳು' ಎಂದು ಬರೆಸಿದ್ದರು, ಅದರ ಕೆಳಗೆ 'ಸಾಹಿತ್ಯ' ಎಂದು ಮಾಸ್ತರರ ಹೆಸರು, 'ನಿರ್ಮಾಣ' ಎಂದು ಬಸಣ್ಣನ ಹೆಸರು. ಚಿಗವ್ವನ ಹೆಸರಿಗೆ ರಟ್ಟಿನಲ್ಲಿ ಜಾಗ ಸಿಕ್ಕಿರಲಿಲ್ಲ.

ಬಸಣ್ಣ ಮಷಿನ್ನಿನ ಒಂದು ಗುಂಡಿ ತೋರಿಸಿದ. "ಇದನ್ನ ಒತ್ತಿ ನೀ ಓದಿದ್ಯಂದ್ರ ಚಿತ್ರ ಹಂಗ ಇರತೈತಿ, ದನಿ ಅಷ್ಟ ನಿಂದು ಬರತೈತಿ."

"ಚಿಗವ್ವಂದು?" ಎಂದೆ.

"ಅದು ಹೋಗತೈತಿ" ಎಂದ. ಸ್ಲೇಟು ಒರೆಸಿದರೆ ಅಕ್ಷರ ಹೋಗುತ್ತದೆ ಎನ್ನುವಷ್ಟು ಸಲೀಸಾಗಿ. ಬೇರೆ ಕ್ಯಾಸೆಟ್ಟಿಗೆ ನಕಲು ಮಾಡಿಕೊಂಡು ಮಾಡಬಹುದಿತ್ತು. ಅವನ ಹತ್ತಿರ ಎರಡು ಮಷಿನ್ನು ಇದ್ದವು. ಮಾಡಲಿಲ್ಲ, ಯಾಕೆಂದರೆ ಅವನಿಗೆ ಅದು ಉಳಿಸಿಕೊಳ್ಳುವಂಥ ವಸ್ತು ಅನ್ನಿಸಲೇ ಇಲ್ಲ. ನಾನೂ ಮಾಸ್ತರರು ಬರೆದ ಕಾಗದ ಕೈಗೆತ್ತಿಕೊಂಡೆ.

ಓದುತ್ತಾ ಹೋದೆ. ಆಡಿನ ಸಂತೆ ಬಂತು, 'ಪಶುಸಂಗೋಪನೆಯಲ್ಲಿ ಅರಬ್ಬರ ಆಸಕ್ತಿ' ಎಂದು ಓದಿದೆ. ಹೋತಿನ ಹಲ್ಲೂ ಇಲ್ಲ, ಕೊಂಬಿನ ಎಣ್ಣೆಯೂ ಇಲ್ಲ. ಆಮೇಲೆ ಆ ಹಳ್ಳಿ, ಆ ಓಣಿ, ಆ ನೀರು. ಮಾಸ್ತರರು ಬರೆದದ್ದು ಹೀಗಿತ್ತು: 'ಇಲ್ಲಿನ ಚರಂಡಿಗಳನ್ನು ನೋಡಿದಿರಾ ವೀಕ್ಷಕರೇ? ಎಷ್ಟು ನಿರ್ಮಲ! ಈ ಚರಂಡಿಯ ನೀರನ್ನು ಜನರು ನಿಸ್ಸಂಕೋಚವಾಗಿ ಕುಡಿಯುವುದು ಈ ನಾಡಿನ ವೈಶಿಷ್ಟ್ಯ!'

ನಾನು ನಿಂತೆ. "ಸರ, ಅದು ಚರಂಡಿ ಅಲ್ರಿ. ಕಾಲಿವಿ. ಚಿಗವ್ವ ಹೇಳ್ಯಾಳ."

ಮಾಸ್ತರರು ಕನ್ನಡಕದ ಮೇಲಿಂದ ನೋಡಿದರು. "ಓಣ್ಯಾಗ, ಮನಿ ಮುಂದ, ಗಚ್ಚಿನ್ಯಾಗ ಹರಿಯೂದು ಏನಿರತೈತಿ? ನಿಮ್ಮ ಮನಿ ಮುಂದ ಏನು ಹರೀತೈತಿ?"

"ಗಟಾರ್ರಿ."

"ಮತ್ತ? ಕಾಲಿವಿ ಹೊಲದಾಗ ಇರತೈತಿ. ಓಣ್ಯಾಗಿಂದು ಗಟಾರ. ಗಟಾರಕ್ಕ ಶುದ್ಧ ಕನ್ನಡದಾಗ ಚರಂಡಿ. ಓದವಾ, ಬೆವರು ಸುರಿಯಾಕತ್ತೈತಿ."

ಹಾನಗಲ್ಲಿನ ಓಣಿ ಬಿಟ್ಟು ಬೇರೆ ಓಣಿ ನೋಡದವರ ಲೆಕ್ಕ ಅದು. ನಮ್ಮ ಓಣಿಯಲ್ಲಿ ಹರಿಯುವುದು ಗಟಾರ, ಆದ್ದರಿಂದ ಜಗತ್ತಿನ ಓಣಿಗಳಲ್ಲೆಲ್ಲ ಹರಿಯುವುದು ಗಟಾರ. ಅದನ್ನು ತಿದ್ದಲು ಒಬ್ಬ ಹೆಣ್ಣುಮಗಳ ದನಿ ಅದೇ ಕ್ಯಾಸೆಟ್ಟಿನಲ್ಲಿತ್ತು. ಅದನ್ನು ಅಳಿಸುವ ಗುಂಡಿ ಒತ್ತಿದ ಮೇಲೆ ಕೇಳುವವರು ಯಾರು? ನಾನು ಇನ್ನೊಮ್ಮೆ ಹೇಳಬಹುದಿತ್ತು. ಹಟ ಹಿಡಿದು ಎದ್ದು ಹೋಗಬಹುದಿತ್ತು. ಹೋದರೆ ಬೇರೆ ಹುಡುಗಿಯನ್ನು ಕರೆಸಿಯಾರು ಎಂಬ ಹೆದರಿಕೆ. ಓದಿದೆ. ಎಷ್ಟು ಚೆಂದ ಓದಿದೆನೆಂದರೆ ಮಾಸ್ತರರು "ಶಾಭಾಸ್" ಎಂದರು, ಬಸಣ್ಣ ಎರಡು ಮಿರ್ಚಿ ಕೊಟ್ಟ. ತಿಂದೆ.

ರವಿವಾರ ಮಧ್ಯಾಹ್ನ ಪ್ರಸಾರ. ಚಿಗವ್ವ ಬೆಳಗಿನ ಬಸ್ಸಿಗೆ ಸವಣೂರಿನಿಂದ ಬಂದಳು. ಇಳಕಲ್ ಸೀರೆ ಉಟ್ಟಳು. ಓಣಿಯ ಅರ್ಧ ಮಂದಿ ನಮ್ಮ ಮನೆಯಲ್ಲೇ. ಅವ್ವ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ ಮಾಡಿದ್ದಳು. ರಟ್ಟಿನ ಹೆಸರುಗಳು ಬಂದು ಹೋದವು. ನನ್ನ ದನಿ ಶುರುವಾಯಿತು. ಚಿಗವ್ವ ಟಿವಿಯ ಕಡೆ ಬಾಗಿದಳು.

"ಇದ್ಯಾರ ದನಿ?"

"ನಿಮ್ಮ ಸುಮಾಂದ ಅಲ್ಲೇನಬೇ! ಎಷ್ಟ ಚೊಲೊ ಓದ್ಯಾಳ!" ಎಂದು ಯಾರೋ ಅಂದರು. ಅವಳು ನನ್ನ ಕಡೆ ನೋಡಿ ನಕ್ಕಳು. ನಿಜವಾಗಿಯೂ ನಕ್ಕಳು. ತನ್ನ ದನಿ ಆಮೇಲೆ ಬರುತ್ತದೆ ಎಂದುಕೊಂಡಿರಬೇಕು. ಆಮೇಲೆ ಆ ಕಾಲುವೆ ಬಂತು. ತೆರೆಯ ಮೇಲೆ ಅವಳು ಬೊಗಸೆಯೊಡ್ಡಿ ನೀರು ಕುಡಿಯುತ್ತಿದ್ದಳು, ತುಟಿಗಳು ಆಡುತ್ತಿದ್ದವು, ನನ್ನ ದನಿ ಚರಂಡಿಯ ಗುಣಗಾನ ಮಾಡುತ್ತಿತ್ತು. ಹಿಂದಿನಿಂದ ಒಬ್ಬಳು "ಅಯ್ಯ, ಗಟಾರದ ನೀರು ಕುಡದ ಬಂದಾಳ ನಮ್ಮ ಗಿರಿಜವ್ವ!" ಎಂದಳು. ಮಂಡಕ್ಕಿ ಬಾಯಲ್ಲಿಟ್ಟುಕೊಂಡೇ ಎಲ್ಲರೂ ನಕ್ಕರು.

ಚಿಗವ್ವ ಆ ಕ್ಷಣಕ್ಕೇ ಎದ್ದು ಚಪ್ಪಲಿ ಮೆಟ್ಟಿ ಬಸಣ್ಣನ ಮಾಳಿಗೆಗೆ ಹೋದಳು. ನಾನೂ ಹಿಂದೆ ಓಡಿದೆ. ಮಾಸ್ತರರೂ ಅಲ್ಲೇ ಕೂತು ಯಾರದೋ ಹೊಗಳಿಕೆಯ ಫೋನು ಕೇಳುತ್ತಿದ್ದರು.

"ಬಸಣ್ಣಾ, ನನ್ನ ಮಾತು ಎಲ್ಲೈತಿ? ಅದನ್ನ ಹಚ್ಚು."

"ಅದು ಅಳಸಿ ಹೋಗೇತ್ರಿ ಅಕ್ಕಾ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಿಸಿಕೊಂಡಳು. "ಹಂಗಾರ ನಂಗ ಎರಡ ನಿಮಿಷ ಮೈಕ್ ಕೊಡು. ಅದು ಗಟಾರ ಅಲ್ಲ, ಕುಡಿಯೂ ನೀರು ಅಂತ ನಾನ ಹೇಳ್ತೇನಿ. ನನ್ನ ಕೈಯಾಗ ಮಂದಿ ಕೂಸು ಕೊಡ್ತಾರಪಾ. ಈ ಮಾತು ಊರ ತುಂಬಿತಂದ್ರ ಯಾರು ಕೊಡ್ತಾರ?"

"ಮುಂದಿನ ವಾರ ನೋಡೂಣ್ರಿ" ಎಂದ ಬಸಣ್ಣ. ಮಾಸ್ತರರು ನಡುವೆ ಬಾಯಿ ಹಾಕಿದರು. "ಏನ ತಪ್ಪಾತವಾ? ಸ್ವಚ್ಛ ಐತಿ ಅಂತನ ಬರದೇನಿ. ಹೊಗಳೇನಿ."

ಚಿಗವ್ವ ಅವರನ್ನೇ ನೋಡಿದಳು. ಅವಳು ದೊಡ್ಡವರಿಗೆ ಎದುರು ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಮಾಸ್ತರ್ರ, ಆ ದೇಶಕ್ಕ ಹೋಗಿ ಬಂದಾಕಿ ನಾನು. ಆ ನೀರು ಕುಡದಾಕಿ ನಾನು. ನೀವು ಈ ಮಾಳಿಗಿ ಇಳದು ನನ್ನ ಒಂದ ಮಾತು ಕೇಳಿದ್ರ ನಿಮ್ಮ ಕಾಲು ಸವೀತಿದ್ವೇನ್ರಿ?" ಮಷಿನ್ನಿನಿಂದ ಕ್ಯಾಸೆಟ್ಟು ತೆಗೆಸಿಕೊಂಡು, ಸೆರಗಿನೊಳಗಿಟ್ಟು, ಮೆಟ್ಟಿಲಿಳಿದಳು. ಮುಂದಿನ ವಾರ ಅವರು ಮದುವೆ ಕ್ಯಾಸೆಟ್ಟು ಹಾಕಿದರು.

ಹಾದಿಯಲ್ಲಿ ಅವಳು ಕೇಳಿದ್ದು ಒಂದೇ. "ನಿನಗ ಗೊತ್ತಿತ್ತಲ್ಲ ಸುಮಾ?"

"ಸರ ಹಂಗ ಓದಂದ್ರು" ಎಂದೆ.

ಬೈದಿದ್ದರೆ, ಬೆನ್ನಿಗೆ ಎರಡು ಬಿಗಿದಿದ್ದರೆ ಇವತ್ತು ಇಷ್ಟು ಉರಿಯುತ್ತಿರಲಿಲ್ಲವೇನೋ. ಅವಳು ಮನೆಗೆ ಬಂದವಳೇ ಕ್ಯಾಸೆಟ್ಟನ್ನು ಟ್ರಂಕಿನ ತಳಕ್ಕಿಟ್ಟಳು.

'ಗಟಾರ ಗಿರಿಜವ್ವ' ಎಂಬ ಹೆಸರು ವಾರದೊಳಗೆ ಊರಿಗೆ ಹಬ್ಬಿತು, ಬಸ್ಸಿನ ಮಂದಿಯ ಬಾಯಿಂದ ಸುತ್ತಲಿನ ಊರುಗಳಿಗೂ ಹೋಯಿತು. ಮೊದಲು ಚೇಷ್ಟೆ, ಆಮೇಲೆ ನಿಜ. ಶಿಗ್ಗಾಂವಿಯಿಂದ ಹೇಳಿಟ್ಟು ಹೋಗಿದ್ದವರು "ಬ್ಯಾರೇದವ್ರಿಗೆ ಹೇಳೇವ್ರಿ" ಎಂದು ಹೇಳಿ ಕಳಿಸಿದರು. ಸವಣೂರಿನವರು ಏನನ್ನೂ ಹೇಳಿ ಕಳಿಸಲಿಲ್ಲ, ಕರೆಯುವುದನ್ನು ಬಿಟ್ಟರು. ಅವ್ವ, ಅಪ್ಪ ಹೇಳಿದ್ದು ಮನೆಯವರ ಮಾತೆಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಾವುಕಾರರ ಮನೆಯವರು ಪೂರಾ ಕ್ಯಾಸೆಟ್ಟು ನೋಡಿದ್ದರು, ಕಿವಿಯಾರೆ ಕೇಳಿದ್ದರು. ಒಂದು ಮಾತು ಅಂದಿದ್ದರೆ ಸಾಕಿತ್ತು. "ಯಾಕ ಬೇಕು ಊರ ಉಸಾಬರಿ" ಎಂದು ಬಾಯಿ ಹೊಲಿದುಕೊಂಡು ಕೂತರು. ಅವರ ಮೊಮ್ಮಗನ ಮೈಗೆ ಮೊದಲ ಎಣ್ಣೆ ಹಚ್ಚಿದ್ದು ಇದೇ ಗಿರಿಜವ್ವ. ಕೊನೆಗೆ ಅವಳು ಹಿರೇಕೆರೂರಿನ ಕಡೆ, ಅಬಲೂರಿನ ಸುತ್ತಮುತ್ತ ಹೋಗಿ ಕಸುಬು ಮಾಡಬೇಕಾಯಿತು. ಆ ಗಟಾರದ ಮಾತು ಅಲ್ಲಿಯ ತನಕ ಮುಟ್ಟಿರಲಿಲ್ಲ. ಹಬ್ಬಕ್ಕೊಮ್ಮೆ ಮನೆಗೆ ಬರುತ್ತಿದ್ದಳು. ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಪ್ರೀತಿಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಆದರೆ ಮಸ್ಕತ್ತಿನ ಸುದ್ದಿ ಕೇಳಿದರೆ, "ಟಿವ್ಯಾಗ ಬಂದೈತಲ್ಲ, ಅದನ್ನ ನೋಡ್ಕೋ" ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಒಂದಕ್ಷರವನ್ನೂ ಸಾಯುವ ತನಕ ನನಗೆ ಹೇಳಲಿಲ್ಲ.

ಮಾಸ್ತರರು ತೀರಿಕೊಂಡಾಗ 'ಕನ್ನಡದ ಕಟ್ಟಾಳು' ಎಂದು ಬ್ಯಾನರು ಕಟ್ಟಿದರು. ಬಸಣ್ಣ ಚಾನೆಲ್ಲು ಮುಚ್ಚಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ನಾನು ಊರಿಗೆ ಹೋದರೆ ಗಿರಾಕಿಗಳಿಗೆ ನನ್ನನ್ನು ತೋರಿಸಿ, "ನಮ್ಮ ಚಾನೆಲ್ಲಿನ ಮೊದಲನೇ ಆ್ಯಂಕರ್ ಇವ್ರ" ಎನ್ನುತ್ತಾನೆ. ಅವನಿಗೆ ನೆನಪಿರುವುದು ಅಷ್ಟೇ. ಈಗ ಅದೇ ಓಣಿಯ ಹುಡುಗರು ಫೋನು ಹಿಡಿದು 'ಏನ್ರೀಪಾ ಹೆಂಗದೀರಿ' ಎಂದು ವಿಡಿಯೊ ಮಾಡುತ್ತಾರೆ. ಬೆಂಗಳೂರಿನವರು ಕೂಡ 'ನಿಮ್ಮ ಭಾಷೆ ಎಷ್ಟು ಚೆಂದ' ಎಂದು ಬರೆಯುತ್ತಾರೆ. ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಮಾಡಲಿ. ಆದರೆ ಆ ಹೊಗಳಿಕೆ ಓದಿದಾಗೆಲ್ಲ ಹಲ್ಲು ಕಡಿಯುತ್ತೇನೆ. ಆ ಚೆಂದದ ಭಾಷೆಯಲ್ಲಿ ಒಂದು ಪರದೇಶವನ್ನು ಕಂಡು ಬಂದವಳ ಬಾಯಿ ಮುಚ್ಚಿಸಿದಾಗ ಎಲ್ಲಿದ್ದರು ಇವರೆಲ್ಲ?

ಚಿಗವ್ವ ತೀರಿಕೊಂಡ ಮೇಲೆ ಅವಳ ಟ್ರಂಕಿನಲ್ಲಿ ಆ ಕ್ಯಾಸೆಟ್ಟು ಸಿಕ್ಕಿತು. ಹುಬ್ಬಳ್ಳಿಯಲ್ಲಿ ಕೊಟ್ಟು ಫೋನಿಗೆ ಹಾಕಿಸಿಕೊಂಡೆ. ಅಡಿಯಲ್ಲೆಲ್ಲಾದರೂ ಹಳೆಯ ದನಿ ಉಳಿದಿದೆಯೇ ನೋಡಿ ಎಂದು ಅಂಗಡಿಯವನಿಗೆ ಮೂರು ಸಲ ಹೇಳಿದೆ. "ಇಲ್ರಿ ಮೇಡಂ, ಒಂದ ದನಿ ಐತಿ, ಯಾವುದೋ ಸಣ್ಣ ಹುಡುಗೀದು" ಎಂದ. ಅಂದಿನಿಂದ ನಾನು ಅದನ್ನು ಸದ್ದು ಬಂದ್ ಮಾಡಿಯೇ ನೋಡುತ್ತೇನೆ. ಕ್ಯಾಸೆಟ್ಟಿನಲ್ಲಿ ಅವಳು ಅಂದದ್ದೆಂದು ಮೇಲೆ ಬರೆದ ಆ ಹತ್ತು ಸಾಲುಗಳಷ್ಟೇ ನನ್ನ ಹತ್ತಿರ ಉಳಿದಿವೆ. ಅವುಗಳಲ್ಲೂ ಅವಳದೆಷ್ಟು, ನಾನು ಸೇರಿಸಿದ್ದೆಷ್ಟು ಎಂದು ಆಣೆ ಮಾಡಿ ಹೇಳಲಾರೆ.

ಮೊನ್ನೆ ಮಗಳು ಪಕ್ಕದಲ್ಲಿ ಬಂದು ಕೂತಳು. ತೆರೆಯ ಮೇಲೆ ಚಿಗವ್ವ ನೀರು ಕುಡಿದು, ಬಾಯಿ ಒರೆಸಿಕೊಂಡು, ಕ್ಯಾಮೆರಾದ ಕಡೆ ತಿರುಗಿ ಮಾತಾಡುತ್ತಿದ್ದಳು. "ಈ ಅಜ್ಜಿ ಏನ ಹೇಳಾಕತ್ತಾಳವಾ?" ಎಂದು ಮಗಳು ಕೇಳಿದಳು. ಹೇಳಬೇಕೆಂದು ಬಾಯಿ ತೆರೆದೆ. ಸ್ಪಷ್ಟವಾಗಿ, ಒಂದಕ್ಷರ ತಪ್ಪದೆ ನಾಲಿಗೆಗೆ ಮೊದಲು ಬಂದದ್ದು, 'ಇಲ್ಲಿನ ಚರಂಡಿಗಳನ್ನು ನೋಡಿದಿರಾ ವೀಕ್ಷಕರೇ.'